ಹಿಮದ ಪಾಲು

ಕ್ಯಾಮೊ ಎಂಬ ಊರಿನಲ್ಲಿ ಹಿಮ ಬೀಳದ ವರ್ಷ ಜನ ಆಕಾಶವನ್ನು ಬಯ್ಯುತ್ತಿದ್ದರು. ಅಜ್ಜಂದಿರ ಕಾಲದಿಂದಲೂ ಅದೇ ರೂಢಿ. ಮಾಳಿಗೆ ಹತ್ತಿ, ಎರಡೂ ಕೈ ಸೊಂಟದ ಮೇಲಿಟ್ಟು, ಬಾಯಿಗೆ ಬಂದಂತೆ ಬೈದು, ಕೆಳಗಿಳಿದು ಚಹಾ ಕುಡಿಯುತ್ತಿದ್ದರು. ಆಕಾಶ ದೊಡ್ಡದು, ಅದಕ್ಕೆ ಬೈಗುಳ ತಟ್ಟುತ್ತಿರಲಿಲ್ಲ. ಬೈದವರ ಎದೆಯೂ ಹಗುರಾಗುತ್ತಿತ್ತು. ನಾಲ್ಕು ವರ್ಷದಿಂದ ಮಾತ್ರ ಆ ಬೈಗುಳಕ್ಕೆ ಒಂದು ವಿಳಾಸ ಸಿಕ್ಕಿತ್ತು. ನೀಲಗಂಗಾ ಹೂಲಿ, ಗದಗಿನವಳು, ವಯಸ್ಸು ಮೂವತ್ತೊಂಬತ್ತು, ಹಿಮ ಹಂಚಿಕೆ ಕೇಂದ್ರದ ಮುಖ್ಯ ಅಧಿಕಾರಿ.

ಸಾಂಗ್ಲುಂಗ್ ಜಿಲ್ಲೆ ಹಿಮಾಲಯದ ಬೆನ್ನ ಹಿಂದಿದೆ. ಮಳೆಗಾಲದ ಮೋಡಗಳು ಬೆಟ್ಟದ ಆಚೆ ಮಗ್ಗುಲಲ್ಲೇ ಇದ್ದದ್ದನ್ನೆಲ್ಲ ಸುರಿದು, ಈಚೆಗೆ ದಾಟುವಾಗ ಬರಿಗೈಯಾಗಿರುತ್ತವೆ. ವರ್ಷದ ಮಳೆ ನಾಲ್ಕು ಬೆರಳು ದಾಟುವುದಿಲ್ಲ. ಹದಿಮೂರು ಸಾವಿರ ಅಡಿ ಎತ್ತರ. ಗಾಳಿ ತೆಳು, ಬಿಸಿಲು ಮಾತ್ರ ದಪ್ಪ. ಒಗೆದ ಅಂಗಿಯನ್ನು ಬಿಸಿಲಿಗೆ ಹಾಕಿದರೆ ಗರಿಗರಿ ಒಣಗುತ್ತದೆ, ಎರಡು ಮಾರು ಸರಿಸಿ ನೆರಳಿಗೆ ಹಾಕಿದರೆ ಹೆಪ್ಪುಗಟ್ಟಿ ಹಪ್ಪಳದಂತೆ ಮುರಿಯುತ್ತದೆ. ಆರು ತಿಂಗಳು ಕಣಿವೆಯ ದಾರಿ ಮುಚ್ಚಿರುತ್ತದೆ. ಉಳಿದ ಆರರಲ್ಲಿ ನಾಲ್ಕು ತಿಂಗಳು ಬೇಸಾಯ: ಜವೆಗೋಧಿ, ಬಟಾಣಿ, ಒಂದಿಷ್ಟು ಗಜ್ಜರಿ. ಇದಕ್ಕೆಲ್ಲ ನೀರು ಬರುವುದು ಆಕಾಶದಿಂದಲ್ಲ, ಊರ ತಲೆಯ ಮೇಲಿನ ಹಿಮದಿಂದ. ಚಳಿಗಾಲದಲ್ಲಿ ಪಡುವಣ ಮೋಡ ಬಂದು ಕೊರಕಲುಗಳಲ್ಲಿ ಹಿಮ ತುಂಬಿಸಿ ಹೋದರೆ, ಬೇಸಿಗೆಯಲ್ಲಿ ಅದು ಕರಗಿ ಕಾಲುವೆಗೆ ಇಳಿಯುತ್ತದೆ. ಪುಷ್ಯ ಮಾಘದಲ್ಲಿ ಹಿಮವಿಲ್ಲ ಎಂದರೆ ಜ್ಯೇಷ್ಠದಲ್ಲಿ ಅನ್ನವಿಲ್ಲ ಎಂದೇ ಅರ್ಥ.

ಹಿಂದೆ ಒಂದು ಚಳಿಗಾಲಕ್ಕೆ ಏಳೆಂಟು ಮೋಡದ ದಂಡು ಬರುತ್ತಿತ್ತಂತೆ. ಭೂಮಿ ಬಿಸಿಯಾದಂತೆ ಅದು ಮೂರಾಯಿತು, ಎರಡಾಯಿತು. ಬಂದ ಎರಡೂ ಜನವಿಲ್ಲದ ಬಂಡೆಗಳ ಮೇಲೆ ಸುರಿದು ಹೋಗತೊಡಗಿದವು. ಆಗ ಸರ್ಕಾರದವರಿಗೆ ಒಂದು ಯೋಚನೆ ಬಂತು. ಹಿಮ ಎಲ್ಲಿ ಬೀಳಬೇಕೆಂದು ನಾವೇ ಹೇಳುವಂತಾದರೆ?

ಯೋಜನೆಗೆ ‘ಹಿಮಸಾರಥಿ’ ಎಂದು ಹೆಸರಿಟ್ಟರು. ಹೆಸರಿಡುವುದರಲ್ಲಿ ದೆಹಲಿಯವರು ಎಂದೂ ಹಿಂದೆ ಬಿದ್ದವರಲ್ಲ. ಕೆಲಸ ಮಾಡುವ ಬಗೆ ಸರಳವೇ. ಮೋಡದೊಳಗಿನ ಹನಿ ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ತಾನಾಗಿ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ಕೂರಲು ಒಂದು ಕಣ ಬೇಕು. ಕಣ ಸಿಕ್ಕ ಗಳಿಗೆಯಲ್ಲೇ ಹರಳಾಗಿ ಉದುರುತ್ತದೆ. ಹಳೆಯ ಮೋಡ ಬಿತ್ತನೆಯೂ ಇದನ್ನೇ ಮಾಡುತ್ತಿತ್ತು, ಆದರೆ ಅದು ಕುರುಡ ಎಸೆದ ಕಲ್ಲು. ಈಗ ಬೆಟ್ಟಸಾಲಿನ ನೆತ್ತಿಯ ಏಣುಗಳ ಮೇಲೆ ಎತ್ತರದ ಕಂಬ ನೆಟ್ಟು, ವಿದ್ಯುತ್ ತುಂಬಿದ ಉಪ್ಪಿನ ಹೊಗೆಯನ್ನು ಗಾಳಿ ನೋಡಿ ಬಿಟ್ಟರು. ಒಂದು ಬಗೆಯ ವಿದ್ಯುತ್ ಕೊಟ್ಟರೆ ಹಿಮ ಅಲ್ಲೇ ಇಳಿಯುತ್ತಿತ್ತು. ತಿರುಗುಮುರುಗು ಕೊಟ್ಟರೆ ಹನಿಗಳು ಒಂದನ್ನೊಂದು ದೂಡಿಕೊಂಡು, ಕೂಡದೆ, ಮೋಡ ಮುಂದಿನ ಕಣಿವೆಗೆ ಸಾಗುತ್ತಿತ್ತು. ನೀಲಗಂಗಾ ಕೂತಿದ್ದು ಆ ಕಂಬಗಳ ನಿಯಂತ್ರಣ ಕೋಣೆಯಲ್ಲಿ.

ಗದಗಿನಿಂದ ಅವ್ವ ಫೋನ್ ಮಾಡಿದಾಗ ಒಮ್ಮೆ ಕೇಳಿದ್ದಳು. "ಅಲ್ಲವ್ವಾ ನೀಲಾ, ಮಳಿ ಬೆಳಿ ದೇವರ ಕೆಲಸ. ಅದನ್ನ ನಿನಗ್ಯಾರು ಕೊಟ್ಟಾರ?"

"ಪರೀಕ್ಷಾ ಬರದು ತಗೊಂಡೇನಿ ಯವ್ವಾ."

"ಹಂಗಾರ ಬೈಸ್ಕೊಳ್ಳಾಕೂ ತಯಾರಿರು. ದೇವರ ಕಿವಿ ಕಲ್ಲಿಂದು. ನಿಂದು ಹಂಗಲ್ಲ."

ಅವ್ವನ ಮಾತು ಮೊದಲ ವರ್ಷಕ್ಕೇ ನಿಜವಾಯಿತು. ಬರುವ ಮೋಡದ ದಾರಿಯಲ್ಲಿ ಮೊದಲು ಸಿಗುವುದು ದುಮ್ಚೆ, ಅರವತ್ತೆರಡು ಮನೆಯ ಊರು. ಅದರ ಹಿಂದಿನ ಏಣು ದಾಟಿದರೆ ಕ್ಯಾಮೊ, ಹತ್ತೊಂಬತ್ತು ಮನೆ. ಒಂದು ಮೋಡದ ಸರಕು ಒಂದು ಕಣಿವೆಗಷ್ಟೇ ಸಾಕು. ಯಾರಿಗೆಂಬುದನ್ನು ಯೋಜನೆ ನಡೆಸುವ ಮಂಡಳಿಯ ಗಣಕಯಂತ್ರ ತಲೆ ಎಣಿಸಿ, ಹೊಲ ಎಣಿಸಿ ಹೇಳುತ್ತಿತ್ತು. ಆ ಎಣಿಕೆಯಲ್ಲಿ ಅರವತ್ತೆರಡರ ಮುಂದೆ ಹತ್ತೊಂಬತ್ತು ಗೆಲ್ಲುವುದು ಯಾವ ಯುಗಕ್ಕೂ ಸಾಧ್ಯವಿರಲಿಲ್ಲ. ಮೂರು ಚಳಿಗಾಲ ದುಮ್ಚೆಗೇ ಹಿಮ ಬಿತ್ತು. ಮೂರು ಬೇಸಿಗೆ ಕ್ಯಾಮೊದ ಕಾಲುವೆಯಲ್ಲಿ ಹಲ್ಲಿ ಓಡಾಡಿದವು.

ಹಿಂದೆಯೂ ಕ್ಯಾಮೊದಲ್ಲಿ ಬರ ಬಿದ್ದಿತ್ತು. ಆಗೆಲ್ಲ ದುಮ್ಚೆಯವರು ಕತ್ತೆಗಳ ಮೇಲೆ ಹುಲ್ಲು ಹೇರಿಕೊಂಡು ಬಂದು, ಕೇಳುವ ಮೊದಲೇ ಕೊಟ್ಟಿಗೆಯ ಮುಂದೆ ಇಳಿಸಿ ಹೋಗುತ್ತಿದ್ದರು. ಇವತ್ತು ನಿಮಗೆ, ನಾಳೆ ನಮಗೆ ಎಂಬ ಭಯವದು. ಭಯವೇ ಆಗಲಿ, ಹುಲ್ಲು ಬರುತ್ತಿತ್ತು. ಹಿಮಸಾರಥಿ ಬಂದ ಮೇಲೆ ಅದು ನಿಂತಿತು. "ಆಫೀಸಿನವರು ಹಂಚಿದ್ದಾರೆ, ಆಫೀಸಿಗೇ ಹೋಗಿ ಕೇಳಿ" ಎನ್ನತೊಡಗಿದರು. ಅವರೇನೂ ಕೆಟ್ಟವರಲ್ಲ. ದೈವ ಕೊಡದಿದ್ದರೆ ನೆರೆಯವ ಕೊಡುತ್ತಾನೆ, ಸರ್ಕಾರ ಕೊಡದಿದ್ದರೆ ಅವನೇಕೆ ಕೊಟ್ಟಾನು?

ಕ್ಯಾಮೊದ ನೀರಗಂಟಿ ಉರ್ಗ್ಯಾನ್. ಕಾಲುವೆಯ ನೀರನ್ನು ಯಾವ ಹೊಲಕ್ಕೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಎಳೆಯದರಲ್ಲಿ ಅವನನ್ನು ಮುಂಡಗೋಡಿನ ಬೌದ್ಧ ಮಠಕ್ಕೆ ಓದಲು ಕಳಿಸಿದ್ದರು. ಹದಿನೈದು ವರ್ಷ ಅಲ್ಲಿದ್ದು, ಸನ್ಯಾಸ ಒಗ್ಗದೆ ಊರಿಗೆ ಮರಳಿ, ಡೋಲ್ಕರಳನ್ನು ಮದುವೆಯಾದ. ಮಠದಲ್ಲಿ ಕಲಿತ ಮಂತ್ರ ಅರ್ಧ ಮರೆತಿದ್ದ. ಮುಂಡಗೋಡ ಸಂತೆಯಲ್ಲಿ ಕಲಿತ ಕನ್ನಡ ಮಾತ್ರ ನಾಲಿಗೆಗೆ ಅಂಟಿಕೊಂಡೇ ಉಳಿದಿತ್ತು. ಮೊದಲ ದಿನ ಕೇಂದ್ರದ ಬಾಗಿಲಿಗೆ ಬಂದು "ಬಾಯಾರ, ನಿಮ್ಮೂರು ಯಾವುದ್ರಿ?" ಎಂದಾಗ ನೀಲಗಂಗಾ ಕುರ್ಚಿಯಿಂದ ಬೀಳುವುದೊಂದೇ ಬಾಕಿ. ಅಂದಿನಿಂದ ಅವಳು ಅವನಿಗೆ ಅಕ್ಕಾರ, ಅವನು ಇವಳಿಗೆ ಅಣ್ಣಾರ.

ರಜೆಯ ದಿನ ಅವಳು ಕ್ಯಾಮೊಗೆ ಹೋಗುತ್ತಿದ್ದಳು. ಡೋಲ್ಕರಳ ಒಲೆಯ ಮುಂದೆ ಕೂತು ಜವೆಗೋಧಿಯ ಹಿಟ್ಟಿನಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹದ ಅದಕ್ಕಿಲ್ಲ, ಅಂಚೆಲ್ಲ ಸೀಳುತ್ತಿತ್ತು. ಡೋಲ್ಕರ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಬೇರೆ ಮನೆಯವರು ನೀಲಗಂಗೆಯನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಈ ಮನೆಯ ಬಾಗಿಲೊಂದೇ ತೆರೆದಿರುತ್ತಿತ್ತು. ಅವಳಿಗೆ ಆ ಜಿಲ್ಲೆಯಲ್ಲಿ ಮನುಷ್ಯರು ಎಂದು ಇದ್ದವರು ಇವರಿಬ್ಬರೇ.

ನಾಲ್ಕನೆಯ ಚಳಿಗಾಲ ಇನ್ನೂ ಜಿಪುಣನಾಗಿತ್ತು. ಮಾಘ ಮುಗಿಯುತ್ತ ಬಂದರೂ ಒಂದು ಮೋಡವಿಲ್ಲ. ಕೊನೆಗೆ ಉಪಗ್ರಹದ ಚಿತ್ರದಲ್ಲಿ ಒಂದು ಬಿಳಿ ಬಾಲ ಕಾಣಿಸಿತು. ಇನ್ನು ಐದು ದಿನಕ್ಕೆ ಬರುತ್ತದೆ, ಆಮೇಲೆ ಈ ವರ್ಷ ಬೇರೆ ಇಲ್ಲ. ಮಂಡಳಿಯ ಆದೇಶವೂ ಅದೇ ಹೊತ್ತಿಗೆ ಬಂತು: ದುಮ್ಚೆ. ಕ್ಯಾಮೊದವರಿಗೆ ಇದರರ್ಥ ಗೊತ್ತಿತ್ತು. ಕಣಜ ಬರಿದಾಗಿತ್ತು, ಮೇಕೆಗಳು ಮಾರಿ ಹೋಗಿದ್ದವು. ಕೆಳಗಿನ ಬಯಲು ಸೀಮೆಯಲ್ಲಿ ಅವರಿಗೆಂದು ತಗಡಿನ ಮನೆಗಳ ಸಾಲು ಮೊದಲೇ ಸಿದ್ಧವಿತ್ತು. ಈ ಸಲವೂ ಹಿಮವಿಲ್ಲದಿದ್ದರೆ ಊರಿಗೆ ಊರೇ ಇಳಿಯಬೇಕು. ಬಾಯಿ ಹೆಚ್ಚಿದ್ದ ದುಮ್ಚೆಯ ಕಣಜವೂ ಹಿಮವಿಲ್ಲದ ಒಂದು ವರ್ಷವನ್ನು ದಾಟಿಸುವಂತಿರಲಿಲ್ಲ.

ಆ ಭಾನುವಾರ ಉರ್ಗ್ಯಾನ್ ಒಲೆಗೆ ಸಗಣಿಯ ಕುಳ್ಳು ಒಡ್ಡುತ್ತ ಕೇಳಿದ. "ಅಕ್ಕಾರ, ಈ ಸಲಾನೂ ದುಮ್ಚೆಗೇ ಏನ್ರಿ?"

"ಲೆಕ್ಕ ಹಂಗ ಬಂದೈತಿ ಅಣ್ಣಾರ."

"ಲೆಕ್ಕಾ ಮಾಡಿದ್ದು ಯಾರು?"

"ಯಂತ್ರ."

"ಯಂತ್ರಕ್ಕ ಕಲಿಸಿದ್ದು?"

ನೀಲಗಂಗಾ ರೊಟ್ಟಿ ಮಗುಚಿದಳು.

"ಅರ್ಧ ಅರ್ಧ ಮಾಡ್ರಲಾ. ಕಾಲುವಿ ಬಾಯಾಗ ಕಲ್ಲಿಟ್ಟು ನಾ ನೀರು ಸೀಳ್ತೀನಲ್ಲ, ಹಂಗ."

"ನೀರು ಸೀಳ್ತೈತಿ, ಹಿಮ ಸೀಳೂದಿಲ್ಲ. ಎರಡು ಮೊಳಕ್ಕಿಂತ ಕಡಿಮಿ ಬಿದ್ರ ಈ ಗಾಳಿಗೆ, ಈ ಬಿಸಿಲಿಗೆ ಅದು ಕರಗೂದ ಇಲ್ಲ. ನೀರಾಗದನ ಆವಿ ಆಗಿ ಹಾರಿಹೋಗ್ತೈತಿ. ಅರ್ಧ ಮಾಡಿದ್ರ ಇಬ್ಬರಿಗೂ ಇಲ್ಲ ಅಣ್ಣಾರ. ಎಂಬತ್ತೊಂದು ಮನಿನೂ ಇಳೀಬೇಕಾಗ್ತೈತಿ."

ಉರ್ಗ್ಯಾನ್ ಒಲೆಗೆ ಇನ್ನೊಂದು ಕುಳ್ಳು ಒಡ್ಡಿದ. ಹೊರಗೆ ಹುಡುಗರು ಜೋರಾಗಿ ಮಾತಾಡುವುದು ಕೇಳಿಸುತ್ತಿತ್ತು. ದುಮ್ಚೆಯ ಏಣಿನ ಕಂಬಗಳನ್ನು ಉರುಳಿಸಿಬಿಡೋಣ ಎಂದು ಅವರ ಮಾತು. ದುಮ್ಚೆಯವರು ಆಗಲೇ ಕಂಬಗಳ ಬುಡದಲ್ಲಿ ದೊಣ್ಣೆ ಹಿಡಿದು ಕಾವಲು ಕೂತಿದ್ದರು. ಹೆಣ್ಣು ಕೊಟ್ಟು ತಂದ ಊರುಗಳವು.

"ನಮ್ಮಲ್ಲೆ ಹಿಂದಕ ಒಂದು ಪದ್ಧತಿ ಇತ್ತು ಅಕ್ಕಾರ. ನೀರು ಮೊದಲು ಯಾರಿಗೆ ಅನ್ನೂದಕ್ಕ ಜಗಳ ಬಂದ್ರ ಉಂಡಿ ಹಾಕತಿದ್ವಿ. ಹೆಸರು ಬರದು, ಚೀಟಿ ಹಿಟ್ಟಿನ ಉಂಡಿಯೊಳಗ ಮುಚ್ಚಿ, ಎರಡೂ ಒಂದ ತೂಕ ಮಾಡಿ, ಬಟ್ಟಲದಾಗ ಹಾಕಿ ತಿರುಗಿಸೂದು. ಯಾವುದು ಜಿಗದು ಹೊರಗ ಬೀಳ್ತೈತೋ ಅವರಿಗೆ ನೀರು. ಸೋತವ ಯಾರನ್ನೂ ಬೈಯಂಗಿಲ್ಲ, ಬೈಯಾಕ ಅಲ್ಲಿ ಯಾರೂ ಇರಂಗಿಲ್ಲ." ಅವನು ಮುಖ ಎತ್ತಿದ. "ಒಂದು ಸಲ ಅದನ್ನ ಮಾಡಿಬಿಡ್ರಿ. ಊರು ಬಿಡಾಕ ನಾವು ಅಂಜೂದಿಲ್ಲ. ಆದ್ರ ಒಬ್ಬ ಮನಶ್ಯಾ ಬಿಡು ಅಂದದ್ದಕ್ಕ ಬಿಡೂದು ಬ್ಯಾಡ್ರಿ. ಆ ಸಿಟ್ಟು ಮಕ್ಕಳು ಮೊಮ್ಮಕ್ಕಳ ತನಕ ಸಾಯಂಗಿಲ್ಲ."

ಆದೇಶ ಏನೇ ಇರಲಿ, ಕಂಬಗಳ ಕೀಲಿ ಕೊನೆಗೆ ಅವಳ ಕೈಯಲ್ಲೇ ಇತ್ತು. ಗಾಳಿ ದಿಢೀರನೆ ತಿರುಗಿದರೆ ಬೇಕಾದೀತೆಂದು ಸ್ಥಳದ ಅಧಿಕಾರಿಗೆ ಅಷ್ಟು ಸ್ವಾತಂತ್ರ್ಯ ಕೊಟ್ಟಿದ್ದರು. ಬಳಸಿದರೆ ನೌಕರಿ ಹೋದೀತು. ಅದೇನು ದೊಡ್ಡದಲ್ಲ, ಗದಗಿನಲ್ಲಿ ಅವ್ವ ಇದ್ದಾಳೆ. "ಆಗಲಿ" ಎಂದಳು.

ದುಮ್ಚೆಯ ಮುಖ್ಯಸ್ಥ ರಿಗ್ಝಿನ್ ಅಂದು ಸಂಜೆ ಕೇಂದ್ರಕ್ಕೆ ಬಂದು, ಮಾತು ಕೇಳಿ ಬಿಳುಚಿಕೊಂಡ. ಬೇಡ ಎನ್ನುವಂತೆಯೂ ಇರಲಿಲ್ಲ. ಉಂಡೆಗೆ ಕರೆದಾಗ ಬರದವನ ಮನೆಗೆ ಆ ಸೀಮೆಯಲ್ಲಿ ಯಾರೂ ಬೆಂಕಿ ಕೊಡುವುದಿಲ್ಲ. ಒಪ್ಪಿಕೊಂಡು, ಹೊರಟು, ಬಾಗಿಲ ಬಳಿ ಮತ್ತೆ ನಿಂತ. ಹಿಂದಿಯಲ್ಲಿ ಕೇಳಿದ: "ಮೇಡಂ, ನಮ್ಮೂರಲ್ಲಿ ಈ ವರ್ಷ ಹನ್ನೊಂದು ಕೂಸು ಹುಟ್ಟಿವೆ. ಅದನ್ನು ಯಂತ್ರಕ್ಕೆ ಹೇಳಿದ್ದೀರಾ?"

ಆ ಹನ್ನೊಂದು ಕೂಸುಗಳು ನೀಲಗಂಗೆಯ ತಲೆ ಹೊಕ್ಕು ಕೂತವು. ಮರುದಿನ ಬೆಳಿಗ್ಗೆ ಕೇಂದ್ರದ ಮೇಜಿನ ಮೇಲೆ ಎರಡು ಚೀಟಿ ಇಟ್ಟುಕೊಂಡಳು. ಎರಡೂ ಊರಿಗೆ ಹೊರಗಿನವಳೆಂದು, ಬರೆಯುವುದೂ ಉಂಡೆ ಕಟ್ಟುವುದೂ ಅವಳ ಪಾಲಿಗೇ ಬಂದಿತ್ತು. ಒಂದರ ಮೇಲೆ ದುಮ್ಚೆ ಎಂದು ಬರೆದಳು. ಇನ್ನೊಂದರ ಮೇಲೆ ಕ್ಯಾಮೊ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಕ್ಯಾಮೊ ಜಿಗಿದು ಬಿದ್ದರೆ? ಅರವತ್ತೆರಡು ಮನೆ, ಮುನ್ನೂರ ನಲವತ್ತು ಜನ, ಹನ್ನೊಂದು ಕೂಸು. ಒಂದು ಹಿಟ್ಟಿನ ಮುದ್ದೆ ಅತ್ತ ಬದಲು ಇತ್ತ ಉರುಳಿತೆಂದು ಅವರನ್ನೆಲ್ಲ ತಗಡಿನ ಮನೆಗೆ ಇಳಿಸುವುದೇ? ಕಲಿತ ವಿದ್ಯೆ ಅವಳಿಗೆ ಹಾಗೆ ಮಾಡಲು ಬಿಡಲಿಲ್ಲ. ಕ್ಯಾಮೊದವರು ಕೇಳುತ್ತಿರುವುದು ಹಿಮವನ್ನಲ್ಲವಲ್ಲ, ಬೈಯದೆ ಹೋಗಲು ಒಂದು ದಾರಿಯನ್ನು. ಅದನ್ನು ಕೊಟ್ಟರಾಯಿತು. ಕ್ಯಾಮೊ ಎಂದು ಬರೆದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿ, ಇನ್ನೊಂದರ ಮೇಲೂ ದುಮ್ಚೆ ಎಂದೇ ಬರೆದಳು. ತಾನು ಮಾಡುತ್ತಿರುವುದು ದಯೆಯ ಕೆಲಸ ಎಂದೇ ಅವಳಿಗೆ ಆಗ ಅನಿಸಿತ್ತು.

ಉಳಿದ ಉಂಡೆಯ ಬಗ್ಗೆಯೂ ಯೋಚಿಸಿದ್ದಳು. ಜಿಲ್ಲೆಯ ಆಚಾರಗಳ ಮೇಲೆ ಕಚೇರಿಯಲ್ಲಿ ಒಂದು ದಪ್ಪ ವರದಿ ಇತ್ತು. ಸೋತ ಉಂಡೆಯನ್ನು ಒಡೆಯದೆ ಹೊಳೆಗೆ ಬಿಡುತ್ತಾರೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಹಿಟ್ಟು ನಾದಿ ಪ್ರಯೋಗಾಲಯದ ತಕ್ಕಡಿಯಲ್ಲಿ ಗ್ರಾಮಿಗೆ ಗ್ರಾಮು ತೂಗಿದಳು. ಹನ್ನೊಂದು ಗಂಟೆಗೆ ಕ್ಯಾಮೊದ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಎರಡೂ ಊರಿನವರು ಎದುರುಬದುರು ಕೂತಿದ್ದರು. ಬಿಸಿಲು ಕಣ್ಣು ಕುಕ್ಕುತ್ತಿತ್ತು, ನೆಲ ಮಂಜುಗಡ್ಡೆಯಾಗಿತ್ತು. ಎಂಬತ್ತು ದಾಟಿದ ಒಬ್ಬ ಅಜ್ಜಿ ಬಟ್ಟಲು ಹಿಡಿದು ತಿರುಗಿಸತೊಡಗಿದಳು. ಒಂದು ಸುತ್ತು, ಎರಡು ಸುತ್ತು. ಯಾರೂ ಕೆಮ್ಮಲಿಲ್ಲ. ನಾಲ್ಕನೆಯ ಸುತ್ತಿಗೆ ಒಂದು ಉಂಡೆ ಅಂಚು ಹಾರಿ ಕಂಬಳಿಯ ಮೇಲೆ ಬಿತ್ತು.

ನೀಲಗಂಗಾ ಅದನ್ನು ಒಡೆದು, ಚೀಟಿ ಬಿಡಿಸಿ, ಓದಿದಳು. "ದುಮ್ಚೆ."

ಕ್ಯಾಮೊದ ಸಾಲಿನಿಂದ ಒಂದು ದೊಡ್ಡ ಉಸಿರು ಹೊರಬಿತ್ತು. ಅದರಲ್ಲಿ ಸಿಟ್ಟಿರಲಿಲ್ಲ. ಕಂಬ ಉರುಳಿಸುತ್ತೇವೆಂದ ಹುಡುಗರು ಟೊಪ್ಪಿಗೆ ತೆಗೆದರು. ರಿಗ್ಝಿನ್ ಎದ್ದು ಬಂದು, ಎದುರು ಸಾಲಿನ ಮುದುಕರ ಮುಂದೆ ಮಂಡಿಯೂರಿ ಅಳತೊಡಗಿದ. ಅವರೇ ಅವನ ಬೆನ್ನು ಸವರಿ ಸಮಾಧಾನ ಹೇಳಿದರು. ನಾನು ಮಾಡಿದ್ದು ಸರಿ, ಸರಿ ಎಂದುಕೊಳ್ಳುತ್ತ ನೀಲಗಂಗಾ ಬಟ್ಟಲಿನಲ್ಲಿ ಉಳಿದ ಉಂಡೆಗೆ ಕೈ ಹಾಕಿದಳು.

ಉರ್ಗ್ಯಾನ್ ಅಂಗೈ ಚಾಚಿದ. "ಅದನ್ನ ಇಲ್ಲೆ ಕೊಡ್ರಿ ಅಕ್ಕಾರ."

"ಹೊಳಿಗೆ ಬಿಡೂದಲ್ಲೇನು?"

"ಅದು ದುಮ್ಚೆಯವರ ಪದ್ಧತಿ. ಅವರಲ್ಲೆ ಕೆಳಗ ಕಮರಿಯೊಳಗ ಹೊಳಿ ಐತಿ. ನಮ್ಮಲ್ಲೆ ಹೊಳಿ ಎಲ್ಲೈತ್ರಿ?" ಅವನು ಸಣ್ಣಗೆ ನಕ್ಕ. "ನಮ್ಮಲ್ಲೆ ಸೋತವ ಒಡದು, ತನ್ನ ಹೆಸರು ತಾ ನೋಡಿ, ಹಣಿಗೆ ಮುಟ್ಟಿಸಿ, ತಿಂದುಬಿಡಬೇಕು. ಅಲ್ಲಿಗೆ ಮುಗೀತು."

ವರದಿ ಬರೆದ ಪುಣ್ಯಾತ್ಮ ದಾರಿಯಲ್ಲಿ ಮೊದಲು ಸಿಗುವ ಊರಿಗಷ್ಟೇ ಹೋಗಿದ್ದನೇನೋ. ನೀಲಗಂಗೆಯ ಕೈ ಬಟ್ಟಲಿನಲ್ಲೇ ನಿಂತಿತು. ಕೊಡದೆ ಇರುವುದಕ್ಕೆ ಒಂದು ನೆಪವನ್ನೂ ಅವಳ ಬುದ್ಧಿ ಹುಟ್ಟಿಸಲಿಲ್ಲ. ನೂರೈವತ್ತು ಕಣ್ಣು ನೋಡುತ್ತಿದ್ದವು. ಕೊಟ್ಟಳು.

ಉರ್ಗ್ಯಾನ್ ಉಂಡೆ ಮುರಿದ. ಚೀಟಿಯನ್ನು ಅಂಗೈಯೊಳಗೇ ಬಿಡಿಸಿದ. ನೋಡಿದ. ಮತ್ತೊಮ್ಮೆ ನೋಡಿದ. ಅವಳ ಕಡೆ ಕಣ್ಣೆತ್ತಲಿಲ್ಲ. ನಿಧಾನವಾಗಿ ಚೀಟಿಯನ್ನು ಹಣೆಗೆ ಒತ್ತಿಕೊಂಡು, ತನ್ನ ಜನರತ್ತ ತಿರುಗಿ, ಸ್ಪಷ್ಟವಾದ ದನಿಯಲ್ಲಿ ಹೇಳಿದ: "ಕ್ಯಾಮೊ."

ಆಮೇಲೆ ಚೀಟಿಯನ್ನು ಹಿಟ್ಟಿನ ಜೊತೆಗೇ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ. ಒಣ ಹಿಟ್ಟು, ಕಾಗದ. ನುಂಗಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಕ್ಯಾಮೊದ ಹೆಂಗಸರು ಒಬ್ಬೊಬ್ಬರಾಗಿ ಬಂದು ನೀಲಗಂಗೆಯ ಕೊರಳಿಗೆ ಗೌರವದ ಬಿಳಿಯ ರೇಷ್ಮೆ ವಸ್ತ್ರ ಹಾಕಿದರು. ನಾಲ್ಕು ವರ್ಷ ಬಾಗಿಲು ಹಾಕಿಕೊಂಡವರು. ಡೋಲ್ಕರ್ ಅವಳ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಕೊರಳಿನ ಸುತ್ತ ಹತ್ತೊಂಬತ್ತು ವಸ್ತ್ರ ಬಿದ್ದವು. ಅಂಥ ಅವಮಾನ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ.

ಮೂರನೆಯ ದಿನ ಮೋಡ ಬಂತು. ನಲವತ್ತೊಂದು ಗಂಟೆ ಅವಳು ಪರದೆಯ ಮುಂದಿನಿಂದ ಏಳಲಿಲ್ಲ. ದುಮ್ಚೆಯ ಏಣಿನ ಕಂಬಗಳೆಲ್ಲ ಹಸಿರು ದೀಪ ತೋರಿಸಿದವು. ಕೊರಕಲುಗಳಲ್ಲಿ ಮೂರು ಮೊಳ ಹಿಮ ಕೂತಿತು. ಎಲ್ಲೂ ಕುಸಿಯಲಿಲ್ಲ, ಒಂದು ಕುರಿಯೂ ಸಾಯಲಿಲ್ಲ. ಕೆಲಸದ ದೃಷ್ಟಿಯಿಂದ ಅದಕ್ಕಿಂತ ಅಚ್ಚುಕಟ್ಟಾದ ಹಿಮಪಾತ ಆ ಕೇಂದ್ರದ ಚರಿತ್ರೆಯಲ್ಲಿ ಇರಲಿಲ್ಲ. ಮೋಡ ಏಣು ದಾಟಿ ಕ್ಯಾಮೊದ ಮೇಲೆ ಹೋಗುವಾಗ ಹಿಂಡಿದ ಬಟ್ಟೆಯಾಗಿತ್ತು.

ಮಂಡಳಿಯ ನಿರ್ದೇಶಕರು ಖುದ್ದಾಗಿ ಫೋನ್ ಮಾಡಿದರು. ಒಂದು ಊರು ಗಲಾಟೆಯಿಲ್ಲದೆ, ಪೊಲೀಸರಿಲ್ಲದೆ, ಹಾರ ಹಾಕಿ ಇಳಿಯಲು ಒಪ್ಪಿಕೊಂಡದ್ದು ದೇಶದಲ್ಲೇ ಮೊದಲಂತೆ. ಈ ಉಂಡೆ ಪದ್ಧತಿಯನ್ನು ಇನ್ನೂ ಆರು ಜಿಲ್ಲೆಗಳಲ್ಲಿ ತರುವ ಆಲೋಚನೆ ಇದೆ, ನೀವೇ ತರಬೇತಿ ಕೊಡಬೇಕು ಎಂದರು. ಆಮೇಲೆ ತುಸು ತಡೆದು ಕೇಳಿದರು. ಉಂಡೆಯ ತೀರ್ಪೂ ನಮ್ಮ ಆದೇಶವೂ ಒಂದೇ ಆದದ್ದು ಹೇಗೆ?

"ಕಾಕತಾಳೀಯ ಸರ್" ಎಂದಳು ನೀಲಗಂಗಾ.

ಅವರು ನಕ್ಕರು. ಆ ಕಾಕತಾಳೀಯವನ್ನು ಹಂತ ಹಂತವಾಗಿ ಬರೆದು ಕಳಿಸಿ ಎಂದು ಫೋನ್ ಇಟ್ಟರು.

ವೈಶಾಖದಲ್ಲಿ ಕಣಿವೆಯ ದಾರಿ ತೆರೆಯಿತು. ಹತ್ತೊಂಬತ್ತು ಮನೆಯ ಸಾಮಾನಿಗೆ ಆರು ಲಾರಿ ಸಾಕಾಯಿತು. ರಿಗ್ಝಿನ್ ಊರಿನವರನ್ನು ಕಟ್ಟಿಕೊಂಡು ಬಂದಿದ್ದ. ಕತ್ತೆಗಳ ಮೇಲೆ ಬುತ್ತಿ, ಬೆಣ್ಣೆ, ಮಕ್ಕಳಿಗೆ ಒಣಗಿಸಿದ ಜರದಾಳು ಹಣ್ಣು. ಎರಡೂ ಊರಿನ ಹೆಂಗಸರು ತಬ್ಬಿಕೊಂಡು ಅತ್ತರು. ಜಗಳವಿಲ್ಲ, ಶಾಪವಿಲ್ಲ. ಉರ್ಗ್ಯಾನ್ ಬಯಸಿದ್ದು ಇದೇ. ನೀಲಗಂಗಾ ಬಯಸಿದ್ದೂ ಇದೇ. ಉಂಡೆ ಹಾಕಿದ ದಿನದಿಂದ ಅವಳು ಉರ್ಗ್ಯಾನನ ಮನೆಗೆ ಹೋಗಿರಲಿಲ್ಲ; ಕರೆ ಕಳಿಸಿದ್ದರೂ ಕೆಲಸದ ನೆಪ ಹೇಳಿದ್ದಳು.

ಅವನು ಕೊನೆಯ ಲಾರಿಯ ಹಿಂದೆ ನಿಂತು ಹಗ್ಗ ಬಿಗಿಯುತ್ತಿದ್ದ. ಅವಳು ಹತ್ತಿರ ಹೋಗಿ ನಿಂತಳು.

"ಅಣ್ಣಾರ, ಆವತ್ತು ನಾನು..."

"ಗೊತ್ತೈತ್ರಿ." ಹಗ್ಗವನ್ನು ಕೊಕ್ಕೆಗೆ ಸುತ್ತಿ ಎಳೆದ. "ಅರವತ್ತೆರಡು ದೊಡ್ಡದು, ಹತ್ತೊಂಬತ್ತು ಸಣ್ಣದು. ಇಪ್ಪತ್ತು ವರ್ಷ ನೀರು ಹಂಚೇನಿ, ಅಷ್ಟು ಲೆಕ್ಕ ನನಗೂ ಬರ್ತೈತಿ. ಹಿಂದಿನ ದಿನ ಮನಿಗೆ ಬಂದು, ‘ಅಣ್ಣಾರ, ಹಿಂಗ ಮಾಡೂಣು’ ಅಂತ ಒಂದು ಮಾತು ನನ್ನ ಕೇಳಿದ್ರ, ಎರಡೂ ಚೀಟಿ ನಾನ ನನ್ನ ಕೈಯಾರೆ ಬರದು ಕೊಡ್ತಿದ್ದೆ."

ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದ.

"ಕೇಳಲಿಲ್ಲ ನೀವು."

ಲಾರಿಯ ಮೇಲೆ ಹಾಸಿಗೆಗಳ ನಡುವೆ ಕೂತಿದ್ದ, ಕನ್ನಡ ಬಾರದ ಡೋಲ್ಕರ್ ಬಗ್ಗಿ, ತಮ್ಮ ಭಾಷೆಯಲ್ಲಿ ಗಂಡನಿಗೆ ಏನೋ ಕೇಳಿದಳು. ಅವನು ಏನೋ ಉತ್ತರ ಹೇಳಿ ಮುಂದೆ ಹೋಗಿ ಚಾಲಕನ ಪಕ್ಕ ಹತ್ತಿ ಕೂತ. ಡೋಲ್ಕರ್ ನಗುನಗುತ್ತ ನೀಲಗಂಗೆಗೆ ಎರಡೂ ಕೈ ಎತ್ತಿ ಬೀಸತೊಡಗಿದಳು. ಲಾರಿ ತಿರುವು ದಾಟುವವರೆಗೂ ಬೀಸುತ್ತಲೇ ಇದ್ದಳು.